ಸಂವಿಧಾನದ ವಾಟ್ನಿ

ಸರಕಾರಿ ಪರೀಕ್ಷೆಗೆ ಓದಲು ಕೂತವನ ಮನೆಗೇ ಬೀಗರು ಬರುತ್ತಾರೆ, ಅವನ ಓಣಿಯಲ್ಲೇ ಮದುವೆಗಳಾಗುತ್ತವೆ, ಅವನ ಕಂದೀಲಿನ ಗಾಜೇ ಒಡೆಯುತ್ತದೆ. ಇಂಥವು ಎಲ್ಲ ಕಾಲಕ್ಕೂ ಆಗುವಂಥವು, ಈಗಲೂ ಆಗುತ್ತಲೇ ಇರಬೇಕು. ಆದರೆ ನಮಗೆ ಆದಂಥವು ಮಾತ್ರ ಮತ್ಯಾರಿಗೂ ಆಗಿರಲಿಕ್ಕಿಲ್ಲ ಎಂದು ನನ್ನ ನಂಬಿಕೆ. ಯಾಕೆಂದರೆ ನಾವು ನಾಲ್ಕು ತಾಲೂಕಿನ ನಾಲ್ಕು ಮಂದಿ ಸೇರಿ ಭಾರತದ ಸಂವಿಧಾನವನ್ನು ಪಾಲು ಮಾಡಿಕೊಂಡಿದ್ದೆವು.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ವಿಜಾಪುರ ಜಿಲ್ಲೆಯ ಇಂಡಿ ಊರಿನ ಒಂದು ಸರಕಾರಿ ಕಚೇರಿಯಲ್ಲಿ ಆವಕ-ಜಾವಕ ಕಾರಕೂನ. ಯಾವ ಕಚೇರಿ ಎಂದು ಕೇಳಬೇಡಿ, ಅದರ ಮರ್ಯಾದೆ ಅದಕ್ಕಿರಲಿ. ಒಳಗೆ ಬಂದ ಕಾಗದಕ್ಕೆ ಒಂದು ನಂಬರು, ಹೊರಗೆ ಹೋಗುವ ಕಾಗದಕ್ಕೆ ಒಂದು ನಂಬರು, ಲಗತ್ತು ಕಡಿಮೆ ಬಿದ್ದ ಕಾಗದ ಹಿಂದಕ್ಕೆ, ಇಷ್ಟೇ ನನ್ನ ಕೆಲಸ. ಎಂಟು ವರ್ಷ ಅದನ್ನೇ ಮಾಡಿದ್ದೆ. ನನಗೆ ಇದ್ದದ್ದು ಒಂದೇ ಆಸೆ, ಪರೀಕ್ಷೆ ಪಾಸಾಗಿ ಮಾಮಲೇದಾರ, ಅಂದರೆ ತಹಶೀಲ್ದಾರ, ಆಗಬೇಕು. ಎರಡು ಸಲ ಬರೆದು ಎರಡು ಸಲವೂ ಬಿದ್ದಿದ್ದೆ. ಮುಂದಿನ ಯುಗಾದಿ ಬರುವಷ್ಟರಲ್ಲಿ ನನ್ನ ವಯಸ್ಸು ಪರೀಕ್ಷೆಯ ಮಿತಿ ದಾಟುತ್ತಿತ್ತು. ಅಂದರೆ ಇದೇ ಕಡೆಯ ಸಲ. ನಮ್ಮ ಹಳ್ಳಿ ತಾಂಬಾದಲ್ಲಿದ್ದ ಅಪ್ಪ ಆಗಲೇ ಊರಿಗೆಲ್ಲ ಹೇಳಿಟ್ಟಿದ್ದ. ಹಬ್ಬಕ್ಕೆ ಹೋದರೆ ಮಂದಿ ನನ್ನನ್ನು “ಬರ್ರಿ ಮಾಮಲೇದಾರ್ರ” ಅನ್ನುತ್ತಿದ್ದರು. ಅದರಲ್ಲಿ ಪ್ರೀತಿ ಎಷ್ಟು, ಚೇಷ್ಟೆ ಎಷ್ಟು ಎಂದು ನಾನು ತೂಗಿ ನೋಡಲು ಹೋಗಲಿಲ್ಲ.

ವಾಟ್ನಿ

ಎರಡನೇ ಸಲ ಬಿದ್ದಾಗ ವಿಜಾಪುರದಲ್ಲಿ ನನ್ನಂತೆಯೇ ಬಿದ್ದ ಮೂವರ ಪರಿಚಯವಾಯಿತು. ಸಿಂದಗಿಯ ಒಬ್ಬ ಸಾಲಿ ಮಾಸ್ತರ, ಮುದ್ದೇಬಿಹಾಳದ ಒಬ್ಬ ವಕೀಲ, ಬಸವನ ಬಾಗೇವಾಡಿಯ ಕಡೆ ಒಂದು ಹಳ್ಳಿಯ ಸೊಸೈಟಿ ಸೆಕ್ರೆಟರಿ. ನಾಲ್ವರೂ ಕೂಡಿ ಪುಸ್ತಕದ ಅಂಗಡಿಗೆ ಹೋದೆವು. ಸಂವಿಧಾನ ಮತ್ತು ಆಡಳಿತದ ಮೇಲಿನ ದಪ್ಪ ಪುಸ್ತಕ ಒಂದೇ ಪ್ರತಿ ಉಳಿದಿತ್ತು. ಇನ್ನೊಂದು ಯಾವಾಗ ಬರುತ್ತದೆ ಎಂದು ಕೇಳಿದರೆ ಅಂಗಡಿಯವರು ಮೋಡ ನೋಡಿದರು.

ಒಂದು ಆಸ್ತಿ, ನಾಲ್ಕು ಮಂದಿ. ನಮ್ಮ ಕಡೆ ಹುಟ್ಟಿದವರಿಗೆ ಇಂಥ ಹೊತ್ತಿನಲ್ಲಿ ಬೇರೆ ಬುದ್ಧಿ ಹೊಳೆಯುವುದೇ ಇಲ್ಲ. ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಳ್ಳುತ್ತಾರಲ್ಲ, ಅದೇ ವಾಟ್ನಿ, ಅದನ್ನೇ ಮಾಡುವುದೆಂದು ತೀರ್ಮಾನವಾಯಿತು. ನಾಲ್ಕು ಪಾಲು ಮಾಡುವುದು, ಒಬ್ಬೊಬ್ಬರ ಹತ್ತಿರ ಎರಡೆರಡು ತಿಂಗಳು, ಆಮೇಲೆ ಬಸ್ಸಿನಲ್ಲಿ ಮುಂದಿನ ಊರಿಗೆ ಕಳಿಸುವುದು. ಎಂಟು ತಿಂಗಳಿಗೆ ಎಲ್ಲರದೂ ಪೂರ್ತಿ ಓದಾಗುತ್ತದೆ. ಬೈಂಡಿಂಗ್ ಮಾಡುವ ಒಬ್ಬ ಮುದುಕನ ಹತ್ತಿರ ಹೋದೆವು. ಅವನು ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಕತ್ತರಿ ಕೈಗೆತ್ತಿಕೊಂಡ.

ಹಿರಿಯ ಪಾಲು ಮಾಡಬೇಕು, ಕಿರಿಯ ಮೊದಲು ಆರಿಸಿಕೊಳ್ಳಬೇಕು, ಇದು ವಾಟ್ನಿಯ ಪದ್ಧತಿ. ಹಿರಿಯ ಮಾಸ್ತರರು ಪಾಲು ಮಾಡಿದರು. ಕಿರಿಯ ಸೆಕ್ರೆಟರಿ ನಾಲ್ಕನ್ನೂ ಕೈಯಲ್ಲಿ ಹಿಡಿದು ನೋಡಿ, ಎಲ್ಲಕ್ಕಿಂತ ದಪ್ಪಗಿದ್ದ ಕೊನೆಯ ಪಾಲನ್ನು ಎತ್ತಿಕೊಂಡು ಬಗಲಿಗಿಟ್ಟುಕೊಂಡ. ಅದರಲ್ಲಿ ಇದ್ದದ್ದು ಬರೀ ಅನುಸೂಚಿಗಳು, ಪಟ್ಟಿಗಳು. ಕಪ್ಪು ಮಣ್ಣಿನ ಎರಿ ಹೊಲ ಬಿಟ್ಟು, ಎಕರೆ ಹೆಚ್ಚು ಎಂದು ಬೆಳೆಯಿಲ್ಲದ ಕಲ್ಲುಮಸಾರಿ ಆರಿಸಿಕೊಂಡವನ ಹಾಗಾಯಿತು ಅವನ ಹಣೆಬರಹ. ಮೂಲಭೂತ ಹಕ್ಕು ಇದ್ದ ಮೊದಲನೇ ಪಾಲು ನನಗೆ ಬಂತು, ರಾಷ್ಟ್ರಪತಿ ಮತ್ತು ಸಂಸತ್ತು ಮಾಸ್ತರರಿಗೆ, ಕೋರ್ಟು ಮತ್ತು ರಾಜ್ಯಗಳು ವಕೀಲರಿಗೆ.

ಜಗಳ ಹುಟ್ಟಿದ್ದು ಬದುವಿನಲ್ಲಿ. ನನ್ನ ಪಾಲು ಮುಗಿಯುವ ಹಾಳೆಯ ಹಿಂಬದಿಯಲ್ಲೇ ಮಾಸ್ತರರ ಪಾಲು ಶುರುವಾಗುತ್ತಿತ್ತು. ಹಾಳೆ ನನ್ನದು ಎಂದೆ ನಾನು, ತಮ್ಮದು ಎಂದರು ಅವರು. ಎರಡು ತಾಸು ಮಾತಾಯಿತು. ಕೊನೆಗೆ ವಕೀಲರು ನಿಕಾಲಿ ಕೊಟ್ಟರು: ಮುಂಭಾಗ ಕಾರಕೂನರದು, ಹಿಂಭಾಗ ಮಾಸ್ತರರದು, ಹಾದು ಹೋಗಲು ಇಬ್ಬರಿಗೂ ದಾರಿ ಉಂಟು. ಹಾಗಾದರೆ ಹಾಳೆಯನ್ನು ಹಾಗೇ ಕತ್ತರಿಸು ಎಂದು ಮುದುಕನಿಗೆ ಹೇಳಿದೆವು. ಅವನು ಕತ್ತರಿ ಕೆಳಗಿಟ್ಟ.

“ನನ್ನ ಕಡೆ ಕತ್ತರಿ ಐತ್ರಿ, ಹೊಲ ಅಳಿಯೂ ಸರಪಳಿ ಇಲ್ಲ. ಮೋಜಣಿಯವರನ್ನ ಕರಕೊಂಡ ಬರ್ರಿ.”

ತಿರುಗಾಡುವ ಹಕ್ಕು

ಪಾಲುಗಳು ಊರಿಂದೂರಿಗೆ ಹೋಗುತ್ತಿದ್ದದ್ದು ಒಬ್ಬ ಕಂಡಕ್ಟರನ ಕೈಯಲ್ಲಿ. ಒಳ್ಳೆಯ ಮನುಷ್ಯ. ವಸ್ತ್ರದಲ್ಲಿ ಗಂಟು ಕಟ್ಟಿ ಕೊಟ್ಟರೆ ತನ್ನ ಸೀಟಿನಡಿ ಇಟ್ಟುಕೊಂಡು, ನಿಗದಿ ಊರಿನಲ್ಲಿ ಇಳಿಸಿಯೇ ಮುಂದೆ ಹೋಗುತ್ತಿದ್ದ. ಅವನಿಗಿದ್ದ ಚಟ ಒಂದೇ, ಅಕ್ಷರ ಕಂಡರೆ ಓದುವುದು. ಮೊದಲನೇ ಪಾಲು ಇಂಡಿಯಿಂದ ಸಿಂದಗಿಗೆ ಹೋಗಬೇಕಾದದ್ದು, ಇವನು ಓದಿ ಮುಗಿಸುವ ತನಕ ಒಂದು ವಾರ ಬಸ್ಸಿನಲ್ಲೇ ತಿರುಗಿತು. ಓದಿದ್ದನ್ನು ಒಳಗೆ ಇಟ್ಟುಕೊಳ್ಳುವ ಗುಣವೂ ಅವನಿಗಿರಲಿಲ್ಲ. ತಿಕೀಟು ಹರಿಯುತ್ತ ಹರಿಯುತ್ತ ಮಂದಿಗೆ ಅವರವರ ಹಕ್ಕು ತಿಳಿಸಿ ಹೇಳತೊಡಗಿದ.

ಒಂದು ದಿನ ತಾಳಿಕೋಟೆಯಲ್ಲಿ ಒಬ್ಬ ಹಿರಿಯ ಬಸ್ಸು ಹತ್ತಿದ. ಹಿಂದಿನ ವಾರವೂ ಇದೇ ಬಸ್ಸಿನಲ್ಲಿ ಕೂತು ಕಿವಿಗೊಟ್ಟು ಕೇಳಿದವನು. ತಿಕೀಟು ಕೇಳಿದರೆ ತೆಗೆಸಲು ಒಪ್ಪಲಿಲ್ಲ. ಭಾರತದ ತುಂಬ ಎಲ್ಲಿ ಬೇಕಾದಲ್ಲಿ ಅಡ್ಡಾಡಲು ಹಕ್ಕಿದೆ ಎಂದು ಹೋದ ವಾರ ನೀನೇ ಹೇಳಿದ್ದೆ, ಹಕ್ಕಿಗೆ ತಿಕೀಟು ಯಾವ ಊರ ನ್ಯಾಯ ಎಂದು ಕೇಳಿದ. ಬಸ್ಸಿನಲ್ಲಿದ್ದ ಮಂದಿಗೆ ಹೌದಲ್ಲ ಅನ್ನಿಸಿತು. ನಮ್ಮ ಮಾಸ್ತರರೂ ಆ ಬಸ್ಸಿನಲ್ಲಿದ್ದರು, ಅವರೂ ತಲೆದೂಗಿದರು.

ಕಂಡಕ್ಟರ ಹಗ್ಗ ಜಗ್ಗಿ ಗಂಟೆ ಬಾರಿಸಿ ಬಸ್ಸು ನಿಲ್ಲಿಸಿದ. ಬಾಗಿಲು ತೆರೆದು ಬಹಳ ಮರ್ಯಾದೆಯಿಂದ ಹೇಳಿದ.

“ಹಕ್ಕ ಐತ್ರಿ ಯಜಮಾನ್ರ, ನಾ ಇಲ್ಲ ಅನ್ನಂಗಿಲ್ಲ. ಅಡ್ಡಾಡಾಕ ಅಂತ ಬರದಾರ, ಕುಂತು ಹೋಗಾಕ ಅಂತ ಬರದಿಲ್ಲ. ಇಳದು ಅಡ್ಡಾಡ್ರಿ.”

ಎರಡು ಸದನ

ಸಿಂದಗಿ ಮಾಸ್ತರರಿಗೆ ಬಾಯಿಬಿಟ್ಟು ಓದಿದರೇನೇ ತಲೆಗೆ ಹತ್ತುತ್ತಿತ್ತು. ಬೆಳಗಿನಲ್ಲಿ ಒಲೆಯ ಮುಂದೆ ಹೆಂಡತಿ ರೊಟ್ಟಿ ಬಡಿಯುತ್ತಿದ್ದರೆ, ಇವರು ಹೊಸ್ತಿಲಲ್ಲಿ ಕೂತು ಸಂಸತ್ತು ಬಾಯಿಪಾಠ ಮಾಡುತ್ತಿದ್ದರು. ಆ ತಾಯಿ ಕಲಿತದ್ದು ನಾಲ್ಕನೇ ಇಯತ್ತೆ. ಆದರೆ ಒಂದು ತಿಂಗಳಾಗುವುದರೊಳಗೆ ಇವರು ಎಲ್ಲಿ ತಡವರಿಸಿದರೂ ಆಕೆ ರೊಟ್ಟಿಯಿಂದ ಕಣ್ಣೆತ್ತದೆ ಮುಂದಿನ ಶಬ್ದ ಹೇಳಿಕೊಡುವ ಹಂತಕ್ಕೆ ಬಂದಿದ್ದಳು. ಮಾಸ್ತರರು ಇದನ್ನು ನಮ್ಮ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಆ ಹೆಮ್ಮೆ ನಾಗರಪಂಚಮಿಯ ತನಕ ನಡೆಯಿತು.

ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗದೆ ಬಿಟ್ಟಾರೆಯೇ? ಹೆಂಡತಿ ತವರಿಗೆ, ಮಾಸ್ತರರ ಅವ್ವ ತನ್ನ ಮಗಳ ಮನೆಗೆ, ಹದಿನೈದು ದಿನ ಎಂದು ಅತ್ತೆ ಸೊಸೆ ಮಾತಾಡಿಕೊಂಡರು. ಅತ್ತೆ ಸೊಸೆ ಒಂದು ಮಾತಿಗೆ ಬಂದದ್ದು ಆ ಮನೆಯಲ್ಲಿ ಅದೇ ಮೊದಲು. ಮಾಸ್ತರರು ಹೌಹಾರಿದರು. ಪರೀಕ್ಷೆ ಹತ್ತಿರ ಬಂದಿದೆ, ರೊಟ್ಟಿ ಬಡಿಯುವವರು ಯಾರು, ಸಾಧ್ಯವಿಲ್ಲ ಎಂದುಬಿಟ್ಟರು. ಮರುದಿನ ಬೆಳಿಗ್ಗೆ ಹೆಂಡತಿ ಕೈಹಿಟ್ಟು ಝಾಡಿಸಿಕೊಂಡು ಎದ್ದು ಬಂದು ಮುಂದೆ ನಿಂತಳು.

“ಅತ್ತಿಯವರು ಒಪ್ಯಾರ, ನಾನೂ ಒಪ್ಪೇನಿ. ಎರಡೂ ಸದನದಾಗ ಪಾಸಾಗೇತಿ. ನೀವು ಒಮ್ಮಿ ಹಿಂದಕ್ಕ ಕಳಿಸಬಹುದು, ನಿನ್ನಿ ಕಳಿಸೀರಿ. ಇವತ್ತ ನಾವು ಮತ್ತ ಪಾಸ್ ಮಾಡೇವಿ. ಇನ್ನ ನಿಮಗ ಸಹಿ ಹಾಕೂದು ಬಿಟ್ಟು ಬ್ಯಾರೆ ದಾರಿ ಇಲ್ಲ.”

ಆಮೇಲೆ ಏನು ಮಾಡಿದಿರಿ ಎಂದು ನಾವು ಕೇಳಿದೆವು. ಮಾಸ್ತರರು ಬಹಳ ಸಣ್ಣ ದನಿಯಲ್ಲಿ, “ಪುಸ್ತಕ ತಗದು ನೋಡಿದ್ನಿರಿ. ನೂರಾ ಹನ್ನೊಂದನೇ ಕಲಂ, ರಾಷ್ಟ್ರಪತಿಗೂ ಖರೇನ ಹಂಗ ಐತಿ. ಬಸ್ಸ ಹತ್ತಿಸಿ ಬಂದೆ” ಎಂದರು.

ಸೆಕ್ರೆಟರಿಯ ಪ್ರಮಾಣ

ಕಲ್ಲುಮಸಾರಿ ಪಾಲು ಬಂದಿದ್ದ ಸೆಕ್ರೆಟರಿಗೆ ಓದಲು ಇದ್ದದ್ದರಲ್ಲಿ ರುಚಿ ಕಂಡದ್ದು ಪ್ರಮಾಣವಚನಗಳ ಅನುಸೂಚಿ. ಮಂತ್ರಿಗಳು, ನ್ಯಾಯಾಧೀಶರು ಅಧಿಕಾರ ತೆಗೆದುಕೊಳ್ಳುವಾಗ ಯಾರ್ಯಾರು ಏನೇನು ಹೇಳಬೇಕು ಎಂಬುದೆಲ್ಲ ಅದರಲ್ಲಿತ್ತು. ಸೊಸೈಟಿಯಲ್ಲಿ ಗೊಬ್ಬರದ ಚೀಲ ಎಣಿಸುವಾಗಲೂ ಅದನ್ನೇ ಗುಣುಗುಣು ಅನ್ನುತ್ತಿದ್ದ. ಅದೇ ಹೊತ್ತಿಗೆ ಅವನ ಲಗ್ನವೂ ಗೊತ್ತಾಯಿತು. ಲಗ್ನ ಬಾಗೇವಾಡಿಯಲ್ಲೇ, ಹೆಣ್ಣಿನವರ ಮನೆಯ ಮುಂದೆ ಹಂದರ ಹಾಕಿ. ನಾವು ಮೂವರೂ ಹೋಗಿದ್ದೆವು. ಅಕ್ಷತೆ ಹಾಕುವುದು ಒಂದು ನೆಪ, ನಾಲ್ಕನೇ ಪಾಲು ಲಗ್ನದ ಗದ್ದಲದಲ್ಲಿ ಎಲ್ಲಾದರೂ ಹೋದೀತೆಂಬ ಚಿಂತೆ ಇನ್ನೊಂದು.

ಸೆಕ್ರೆಟರಿ ಸ್ವಭಾವದಿಂದಲೇ ಪುಕ್ಕಲ. ಬಾಸಿಂಗ ಕಟ್ಟಿಸಿಕೊಂಡು, ಸಾವಿರ ಕಣ್ಣುಗಳ ಮುಂದೆ ಬೆವರುತ್ತ ಕೂತಿದ್ದ. ಲಗ್ನ ಮಾಡಿಸುತ್ತಿದ್ದ ಅಯ್ಯನವರು ಹೊಸ ಕಾಲದವರು. ಬರೀ ಮಂತ್ರ ಸಾಲದು, ವರ ತನ್ನ ಬಾಯಿಂದ ಹೆಣ್ಣಿನವರಿಗೆ ಕೇಳುವಂತೆ ನಾಲ್ಕು ಮಾತಿನ ವಚನ ಕೊಡಲಿ ಎಂದರು. ಎದ್ದು ನಿಲ್ಲಿಸಿದರು. ವಚನ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಸೆಕ್ರೆಟರಿ ಕಣ್ಣು ಮುಚ್ಚಿ ಬಲಗೈ ಎತ್ತಿ ಶುರು ಹಚ್ಚಿಕೊಂಡ. ನಾಡಿನ ಸಾರ್ವಭೌಮತ್ವ ಕಾಪಾಡುತ್ತೇನೆ ಎಂದ. ಕರ್ತವ್ಯವನ್ನು ಶ್ರದ್ಧೆಯಿಂದ ಮಾಡುತ್ತೇನೆ ಎಂದ. ಭಯವಿಲ್ಲದೆ, ಪಕ್ಷಪಾತವಿಲ್ಲದೆ, ರಾಗದ್ವೇಷವಿಲ್ಲದೆ ನಡೆದುಕೊಳ್ಳುತ್ತೇನೆ ಎಂದ. ತನ್ನ ಗಮನಕ್ಕೆ ಬಂದ ಗುಟ್ಟನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ ಎಂದೂ ಸೇರಿಸಿದ. ಹಂದರದಲ್ಲಿ ಕೆಲವರು ಚಪ್ಪಾಳೆ ತಟ್ಟಿದರು. ಹುಡುಗ ಬಹಳ ಓದಿದವ ಎಂದು ಹೆಣ್ಣಿನ ಅಪ್ಪ ಎದೆಯುಬ್ಬಿಸಿದ.

ಹೆಣ್ಣಿನ ಅಜ್ಜಿಯೊಬ್ಬಳೇ ಒಂದೊಂದು ಮಾತನ್ನೂ ಲಕ್ಷ್ಯಗೊಟ್ಟು ಕೇಳಿದ್ದಳು. ಎಲೆಅಡಿಕೆ ಬಾಯಿಯ ಒಂದು ಮಗ್ಗುಲಿಗೆ ಸರಿಸಿ, ಅಯ್ಯನವರಿಗೆ ಹೇಳಿದಳು.

“ರಾಗ ಇಲ್ಲದ ದ್ವೇಷ ಇಲ್ಲದ ಸಂಸಾರ ಮಾಡ್ತಾನಂತ ಇಂವ. ನಮ್ಮ ಹುಡುಗಿಗೆ ಬ್ಯಾರೆ ವರ ನೋಡೂನ್ರಿ, ಇವನ್ನ ನಿಮ್ಮ ಮಠಕ್ಕ ಇಟಗೊಳ್ರಿ.”

ಏಳರಲ್ಲಿ ಒಂದು

ನಾನು ಮೂಲಭೂತ ಹಕ್ಕು ಏಳನ್ನೂ ಬೆರಳ ಮೇಲೆ ಎಣಿಸುವಷ್ಟು ಕಲಿತು ಮುಗಿಸಿದ್ದೆ. ಅಷ್ಟರಲ್ಲಿ ದಿಲ್ಲಿಯಲ್ಲಿ ತಿದ್ದುಪಡಿಯಾಗಿ, ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕಿನ ಪಟ್ಟಿಯಿಂದ ತೆಗೆದರೆಂದು ಪೇಪರಿನಲ್ಲಿ ಬಂತು. ಏಳು ಹೋಗಿ ಆರಾಯಿತು. ನನಗೆ ಸಿಟ್ಟು ಬಂತು. ಕಲಿತ ಶ್ರಮ ನೀರಲ್ಲಿ ಹೋಯಿತಲ್ಲ ಎಂಬುದು ಒಂದು. ವಾಟ್ನಿಯಲ್ಲಿ ನನಗೆ ಬಂದ ಪಾಲೇ ಕಡಿಮೆಯಾಯಿತಲ್ಲ ಎಂಬುದು ಇನ್ನೊಂದು. ಮುದ್ದೇಬಿಹಾಳದ ವಕೀಲರಿಗೆ ಒಂದು ಕಾರ್ಡು ಬರೆದೆ. ಪಾಲು ಆದ ಮೇಲೆ ನನ್ನದರಲ್ಲಿ ಇಷ್ಟು ಪುಟ ಕೊಚ್ಚಿ ಹೋಗಿವೆ, ಮಿಕ್ಕ ಮೂವರು ತಮ್ಮ ತಮ್ಮ ಪಾಲಿನಿಂದ ತುಂಬಿಕೊಡಬೇಕು, ಇದಕ್ಕೆ ಕಾಯ್ದೆ ಏನು ಹೇಳುತ್ತದೆ ಎಂದು.

ವಕೀಲರಿಗೆ ಕೋರ್ಟಿನಲ್ಲಿ ಖಟ್ಲೆಗಳು ಅಷ್ಟಕ್ಕಷ್ಟೇ. ಹಾಗಾಗಿ ನನ್ನ ಕಾರ್ಡಿಗೆ ಎಂಟು ದಿನ ವಿಚಾರ ಮಾಡಿ ತೀರ್ಪು ಬರೆದು ಕಳಿಸಿದರು.

“ಆಸ್ತಿ ಹಕ್ಕ ಹೋದ ಮ್ಯಾಲ, ನನ್ನ ಆಸ್ತಿ ಕಡಿಮಿ ಆತು ಅಂತ ಕೇಳಾಕ ನಿಮಗ ಯಾವ ಹಕ್ಕ ಉಳದೈತಿ?”

ಲಗತ್ತು

ಎಂಟು ತಿಂಗಳು ಮುಗಿದು ನಾಲ್ಕೂ ಪಾಲು ಓದಿ, ಮೊದಲನೇ ಪಾಲು ಮತ್ತೆ ನನ್ನ ಕೈಗೆ ಬಂತು. ಅರ್ಜಿ ಹಾಕುವ ಹೊತ್ತು ಬಂತು. ಸರಕಾರಿ ನೌಕರರು ಸೀದಾ ಅರ್ಜಿ ಕಳಿಸುವಂತಿಲ್ಲ, ತಮ್ಮ ಕಚೇರಿಯ ಮುಖಾಂತರವೇ ಹೋಗಬೇಕು. ನಾನು ಚೆಂದಾಗಿ ಅರ್ಜಿ ಬರೆದು, ತಾಂಬಾದ ಮನೆಯ ವಿಳಾಸ ಹಾಕಿ, ನಮ್ಮ ಸಾಹೇಬರ ಟೇಬಲ್ಲಿನ ಮೇಲಿಟ್ಟೆ. ವಯಸ್ಸು ತೋರಿಸುವ ಸಾಲಿ ದಾಖಲೆಯನ್ನು ನಕಲು ಮಾಡಿ ಆಮೇಲೆ ಜೋಡಿಸೋಣ ಎಂದು ನನ್ನ ಡ್ರಾವರಿನಲ್ಲಿಟ್ಟೆ. ಸಾಹೇಬರು ಒಳ್ಳೆಯವರು, ಆ ದಿನವೇ “ಪರಿಶೀಲಿಸಿ ಮುಂದೆ ಕಳಿಸಿ” ಎಂದು ಬರೆದು ಟಪಾಲಿನ ಗಂಟಿಗೆ ಹಾಕಿದರು. ಆಯಿತು, ಅರ್ಜಿ ಹೋಯಿತು ಎಂದುಕೊಂಡು ನಾನು ಓದಿಗೆ ಕೂತೆ. ನಕಲಿನ ಮಾತು ಮರೆತೇ ಹೋಯಿತು.

ಕೂತದ್ದು ಎಲ್ಲಿ? ಕಚೇರಿಯಲ್ಲೇ. ಪುಸ್ತಕ ತೊಡೆಯ ಮೇಲೆ, ಕೈ ಟೇಬಲ್ಲಿನ ಮೇಲೆ. ಎಂಟು ವರ್ಷದ ಕೈ ಅದು, ಅದಕ್ಕೆ ಕಣ್ಣು ಬೇಕಿರಲಿಲ್ಲ. ಕಾಗದ ತೆಗೆಯುವುದು, ಲಗತ್ತು ಇದೆಯೋ ಇಲ್ಲವೋ ಬೆರಳಿನಿಂದ ಮುಟ್ಟಿ ನೋಡುವುದು, ಇದ್ದರೆ ಮುಂದೆ, ಇಲ್ಲದಿದ್ದರೆ ಒಂದು ಷರಾ, ಒಂದು ಸಹಿ, ಹಿಂದೆ. ಆ ದಿನ ಸರಕಾರಿ ನೌಕರಿಯಲ್ಲಿ ಎಲ್ಲರಿಗೂ ಸಮಾನ ಅವಕಾಶ ಎಂಬ ಹದಿನಾರನೇ ಕಲಮನ್ನು ನಾನು ಬಾಯಿಪಾಠ ಮಾಡುತ್ತಿದ್ದದ್ದು ಚೆನ್ನಾಗಿ ನೆನಪಿದೆ. ಕೈ ಏನು ಮಾಡುತ್ತಿತ್ತು ಎಂಬುದು ನೆನಪಿಲ್ಲ.

ಹದಿನೈದು ದಿನದ ಮೇಲೆ ತಾಂಬಾದಿಂದ ಸಂತೆಗೆ ಬಂದವರ ಕೈಯಲ್ಲಿ ಅಪ್ಪ ಹೇಳಿ ಕಳಿಸಿದ, ಮನೆಗೆ ಬಂದು ಹೋಗು ಎಂದು. ಹೆಣ್ಣು ನೋಡುವ ವಿಷಯ ಇರಬೇಕೆಂದು ನಾನು ಹೋಗಲಿಲ್ಲ, ಓದುವುದಿತ್ತು. ಮುಂದಿನ ವಾರ ಮತ್ತೆ ಹೇಳಿ ಕಳಿಸಿದ. ಮೂರನೇ ಸಲ ಊರ ಹಿರಿಯರ ಹೆಸರಿನಲ್ಲೇ ಕರೆ ಬಂತು. ಹೋದೆ.

ಮನೆಯ ಮುಂದೆ ತೋರಣ ಕಟ್ಟಿತ್ತು. ಕಟ್ಟೆಯ ಮೇಲೆ ಹಿರಿಯರು ಕೂತಿದ್ದರು. ನಾನು ಚಪ್ಪಲಿ ಕಳೆಯುವ ಮೊದಲೇ ಕೊರಳಿಗೆ ಮಾಲೆ ಬಿತ್ತು. ಅಪ್ಪನಿಗೆ ಅಕ್ಷರ ಬಾರದು. ಆದರೆ ಸರಕಾರಿ ಲಕೋಟೆ ಯಾವುದೆಂದು ಗೊತ್ತಾಗದೆ ಇರುತ್ತದೆಯೇ? ಟಪಾಲಿನವನು ಅದನ್ನು ಕೊಟ್ಟ ದಿನವೇ, ಮಗನಿಗೆ ಮಾಮಲೇದಾರಿಕೆಯ ಹುಕುಂ ಬಂತು ಎಂದು ಜಗಲಿಯ ಮೇಲೆ ದೇವರ ಮಗ್ಗುಲಿಗೆ ಇಟ್ಟು, ವಿಭೂತಿ ಹಚ್ಚಿ, ದಿನಾ ಹೂವು ಏರಿಸಿದ್ದ. ಮಗನೇ ಬಂದು ಹಿರಿಯರ ಮುಂದೆ ಒಡೆಯಬೇಕೆಂದು ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಪರೀಕ್ಷೆಯೇ ಇನ್ನೂ ಆಗಿಲ್ಲ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಊರ ಸಾಲಿಯ ಹೆಡ್‌ಮಾಸ್ತರರು ಲಕೋಟೆ ಒಡೆದು ಗಟ್ಟಿಯಾಗಿ ಓದಿದರು. ಅರ್ಜಿದಾರರು ವಯಸ್ಸಿನ ದಾಖಲೆ ಲಗತ್ತಿಸಿಲ್ಲ, ಆದಕಾರಣ ಅರ್ಜಿಯನ್ನು ಮರಳಿಸಿದೆ, ಏಳು ದಿನದೊಳಗೆ ಪೂರೈಸಿ ಸಲ್ಲಿಸುವುದು. ಕೆಳಗೆ, ಸಾಹೇಬರ ಪರವಾಗಿ, ಒಂದು ಸಹಿ.

ಆ ಸಹಿ ನನ್ನದು.

ಲಕೋಟೆ ಬಂದು ಒಂದು ತಿಂಗಳಾಗುತ್ತ ಬಂದಿತ್ತು. ಅರ್ಜಿಯ ಕೊನೆಯ ದಿನ ಹೋದ ವಾರವೇ ಮುಗಿದಿತ್ತು. ಬೇಕಾಗಿದ್ದ ದಾಖಲೆ, ಆ ಷರಾ ಬರೆದ ಟೇಬಲ್ಲಿನ ಡ್ರಾವರಿನಲ್ಲೇ, ಬರೆದ ಕೈಯಿಂದ ಒಂದು ಗೇಣು ಕೆಳಗೆ ಮಲಗಿತ್ತು. ನನಗೆ ಅಳು ಬಂತು, ಸುಳ್ಳು ಯಾಕೆ ಹೇಳಲಿ. ಕೊರಳಲ್ಲಿ ಮಾಲೆ ಹಾಕಿಕೊಂಡೇ ಅತ್ತೆ. ಹಿರಿಯರು ಒಬ್ಬೊಬ್ಬರಾಗಿ ಎದ್ದು ಹೋದರು. ಅಪ್ಪ ಮಾತ್ರ ಆ ಕಾಗದ ಎತ್ತಿಕೊಂಡು ಸಹಿಯ ಮೇಲೆ ಬೆರಳಿಟ್ಟ. ಆಮೇಲೆ ಕೇಳಿದ.

“ಸಹಿ ಮಾಡಿದಾಂವ ನಿಮ್ಮ ಕಚೇರಿಯಾಗಿನವನ ಏನು?”

“ಹೌದಪಾ.”

“ನಿನಗ ಗುರ್ತಿನಾಂವ?”

“ದಿನಾ ನೋಡ್ತೇನಿ.”

ಅಪ್ಪ ಹೆಸರು ಕೇಳಲಿಲ್ಲ. ನಿಮ್ಮ ಸಾಹೇಬರಿಗೆ ಈಗಲೇ ತಕರಾರು ಅರ್ಜಿ ಬರಿ, ನಾನು ಹೆಬ್ಬೆಟ್ಟು ಒತ್ತುತ್ತೇನೆ ಎಂದ. ಅವನು ಹೇಳಿದ, ನಾನು ಬರೆದೆ. ಆ ಕಾರಕೂನನಿಗೆ ಕಣ್ಣಿಲ್ಲ, ಕರುಳಿಲ್ಲ, ಬಡವರ ಮಕ್ಕಳು ಮುಂದೆ ಬರುವುದು ಅವನಿಗೆ ಆಗುವುದಿಲ್ಲ, ಅವನನ್ನು ನೌಕರಿಯಿಂದ ತೆಗೆಯಬೇಕು. ಎಲ್ಲವನ್ನೂ ಒಳ್ಳೆಯ ಅಕ್ಷರದಲ್ಲಿ ಬರೆದೆ. ಕೊನೆಗೆ ಅಪ್ಪ ಬುದ್ಧಿ ಹೇಳಿದ.

“ಲಗತ್ತು ಏನೇನ ಬೇಕೋ ಎಲ್ಲಾ ಹಚ್ಚು. ಇಲ್ಲಾಂದ್ರ ಆ ಹಲ್ಕಟ್ ಇದನ್ನೂ ಹಿಂದಕ್ಕ ಕಳಿಸ್ಯಾನು.”

ಆ ವರ್ಷ ಉಳಿದ ಮೂವರೇ ವಿಜಾಪುರಕ್ಕೆ ಹೋಗಿ ಪರೀಕ್ಷೆ ಬರೆದರು. ನನ್ನ ಪಾಲನ್ನೂ ಅವರಿಗೇ ಕೊಟ್ಟು ಕಳಿಸಿದೆ. ಮಾಸ್ತರರೊಬ್ಬರೇ ಪಾಸಾದರು, ಪೇಢೆ ಹಂಚಿದ್ದು ಮಾತ್ರ ಅವರ ಹೆಂಡತಿ.

ಅಪ್ಪನ ಅರ್ಜಿ, ಬರೆದ ಒಂದು ವಾರದ ಮೇಲೆ, ಟಪಾಲಿನಲ್ಲಿ ನನ್ನ ಟೇಬಲ್ಲಿಗೆ ಬಂತು. ಈ ಸಲ ಪುಸ್ತಕ ತೊಡೆಯ ಮೇಲಿರಲಿಲ್ಲ, ಎರಡೂ ಕಣ್ಣು ತೆರೆದು ನೋಡಿದೆ. ಲಗತ್ತುಗಳು ಎಲ್ಲ ಸರಿಯಾಗಿದ್ದವು. ನಂಬರು ಹಾಕಿ ಸಾಹೇಬರಿಗೆ ಮಂಡಿಸಿದೆ. ಸಾಹೇಬರು ಓದದೆಯೇ, ಸಂಬಂಧಪಟ್ಟ ಕಾರಕೂನನಿಂದ ಏಳು ದಿನದೊಳಗೆ ವಿವರಣೆ ಕೇಳಿ ಪರಿಶೀಲಿಸಿ ಎಂದು ಬರೆದು ನನಗೇ ಕಳಿಸಿದರು. ನಾನು ನನ್ನಿಂದ ವಿವರಣೆ ಕೇಳಿದೆ. ಆರನೇ ದಿನಕ್ಕೆ 'ಕೆಲಸದ ಒತ್ತಡದಲ್ಲಿ ಹೀಗಾಯಿತು' ಎಂದು ವಿವರಣೆ ಕೊಟ್ಟೆ. ಅದನ್ನು ತೆಗೆದುಕೊಂಡು ಎರಡು ಸಲ ಓದಿ, ಕೆಳಗೆ ಷರಾ ಬರೆದೆ: ವಿವರಣೆ ಸಮಾಧಾನಕರವಾಗಿಲ್ಲ.